ಮುಕ್ಕೋನದ ಚಾವಿ

ಲಿಫ್ಟ್ ರಿಪೇರಿಯಲ್ಲಿ ನನ್ನದು ಹದಿನೆಂಟು ವರ್ಷದ ಅನುಭವ. ನನ್ನ ಮಗಳದ್ದು ನಲವತ್ತು ನಿಮಿಷದ್ದು. ಇಬ್ಬರಲ್ಲಿ ಹೆಚ್ಚು ಕಲಿತವಳು ಅವಳೇ.

ಅಜ್ಜಿಯನ್ನು ನೋಡಲು ಒಬ್ಬಳೇ ಮೇಲೆ ಹೊರಟವಳು ನಾಲ್ಕನೇ ಮತ್ತು ಐದನೇ ಮಹಡಿಯ ನಡುವೆ ನಲವತ್ತು ನಿಮಿಷ ಸಿಕ್ಕಿಕೊಂಡಳು. ದೀಪವೂ ಆರಿತು. ಅದೇ ಬೆಳಗ್ಗೆ ಆ ಲಿಫ್ಟಿನ ಪುಸ್ತಕದಲ್ಲಿ ‘ಎಲ್ಲವೂ ಸುಸ್ಥಿತಿಯಲ್ಲಿದೆ’ ಎಂದು ಸಹಿ ಹಾಕಿದ ಮಹಾನುಭಾವ ನಾನೇ. ಹೊರಗಿನಿಂದ ಬಾಗಿಲು ತೆಗೆಯುವ ಮುಕ್ಕೋನದ ಚಾವಿ ತಿರುಗಿಸಿ ಅವಳನ್ನು ಹೊರಗೆಳೆದವನೂ ನಾನೇ. ಪಕ್ಕದ ಮನೆಯ ಟೀಚರು ಸಮಾಧಾನ ಹೇಳಿದರು: “ನೀವು ರಿಪೇರಿ ಮಾಡಿದ ಲಿಫ್ಟಾ? ಮಗು ಹೆದರೋದ್ರಲ್ಲಿ ತಪ್ಪೇನಿಲ್ಲ ಬಿಡಿ.”

ಮಗಳಿಗೆ ಒಂಬತ್ತು ವರ್ಷ. ಕಾದ ಎಣ್ಣೆಗೆ ಬಿದ್ದ ಹಾಗೆ ಸದಾ ಚಟಪಟ ಅನ್ನುತ್ತಾಳೆಂದು ನಮ್ಮಮ್ಮ ಅವಳನ್ನು ಸಾಸಿವೆ ಅಂತಲೇ ಕರೆಯುವುದು. ಆ ಸಾಸಿವೆ ಈಗ ಲಿಫ್ಟ್ ಕಂಡರೆ ಕಲ್ಲು. ಅಮ್ಮ ಇರುವುದು ಅಣ್ಣನ ಮನೆಯಲ್ಲಿ, ಅದೇ ಕಟ್ಟಡದ ಹದಿನೇಳನೇ ಮಹಡಿ. ಸೊಂಟ ಮುರಿದುಕೊಂಡು ಮಲಗಿದ್ದಾಳೆ. ಒಮ್ಮೆ ನಾವಿಬ್ಬರೂ ಮೆಟ್ಟಿಲು ಹತ್ತಿಯೇ ಹೋದೆವು. ಅಣ್ಣ, ಅಮ್ಮನನ್ನು ಬಿಟ್ಟು ನನಗೆ ಗಾಳಿ ಹಾಕಬೇಕಾಯಿತು.

“ಹದಿನೇಳನೇ ಮಹಡಿ ಏನು ಸ್ವರ್ಗಾನಾ, ಸತ್ತ ಮೇಲೇ ಬರೋಕೆ?” ಎಂದು ಅಮ್ಮ ಫೋನಿನಲ್ಲಿ ಕೇಳುತ್ತಿದ್ದಳು. “ನನ್ನ ಸಾಸಿವೆ ಯಾವಾಗ ಬರ್ತಾಳೋ?”

ಮನಸ್ಸಿನ ಡಾಕ್ಟರಮ್ಮನ ಹತ್ತಿರ ಹೋದೆವು. ಒಂದೊಂದೇ ಹೆಜ್ಜೆ, ಅವಸರ ಬೇಡ ಎಂದರು. ಮೊದಲು ಬಾಗಿಲ ಮುಂದೆ ನಿಲ್ಲುವುದು, ಆಮೇಲೆ ಒಳಗೆ ನಿಲ್ಲುವುದು, ಆಮೇಲೆ ಒಂದು ಮಹಡಿ. ನಮ್ಮ ವರ್ಕ್‌ಶಾಪಿನಲ್ಲಿ ಕೆಲಸ ಕಲಿಸಲೆಂದೇ ಒಂದು ಲಿಫ್ಟ್ ಇದೆ. ಅಲ್ಲೇ ಶುರು ಮಾಡಿದೆ. ಡಾಕ್ಟರಮ್ಮ ಹೇಳದಿದ್ದ ಒಂದು ಸುಧಾರಣೆಯನ್ನು ನನ್ನ ತಲೆಯಿಂದಲೇ ಸೇರಿಸಿದೆ. ಅವಳ ಒಂದು ಕೈಯಲ್ಲಿ ನನ್ನ ಕೈ, ಇನ್ನೊಂದರಲ್ಲಿ ಮುಕ್ಕೋನದ ಚಾವಿ. ಹನ್ನೆರಡನೇ ದಿನಕ್ಕೆ ಅವಳು ಲಿಫ್ಟಿನೊಳಗೇ ಕೂತು ಹೋಮ್‌ವರ್ಕ್ ಬರೆಯುತ್ತಿದ್ದಳು. ಹೆಂಡತಿ ನೆಂಟರಿಗೆಲ್ಲ ಫೋನು ಮಾಡಿದಳು. ನಾನಂತೂ ಅರ್ಧ ಡಾಕ್ಟರೇ ಆಗಿಬಿಟ್ಟಿದ್ದೆ.

ಶನಿವಾರ ಅಮ್ಮನ ಕಟ್ಟಡಕ್ಕೆ ಕರೆದೊಯ್ದೆ. ಲಿಫ್ಟಿನ ಬಾಗಿಲು ತೆರೆಯಿತು. ಮಗಳು ಕಲ್ಲಾದಳು. ಹನ್ನೆರಡು ದಿನದ ಸಾಧನೆ ಎರಡು ಸೆಕೆಂಡಿನಲ್ಲಿ ನೆಲ ಕಚ್ಚಿತು.

“ವರ್ಕ್‌ಶಾಪಿನಲ್ಲಿ ಅವಳ ಕೈಯಲ್ಲಿ ಏನಿರ್ತಿತ್ತು?” ಮತ್ತೆ ಹೋದಾಗ ಡಾಕ್ಟರಮ್ಮ ಕೇಳಿದರು.

“ಚಾವಿ.”

“ಪಕ್ಕದಲ್ಲಿ?”

“ನಾನು.”

“ಹಾಗಾದ್ರೆ ಚೆನ್ನಾಗೇ ಕಲಿತಿದ್ದಾಳೆ. ಅಪ್ಪ ಇರಬೇಕು, ಚಾವಿ ಇರಬೇಕು, ಅದೇ ಲಿಫ್ಟ್ ಆಗಿರಬೇಕು, ಆಗ ಏನೂ ಆಗಲ್ಲ ಅಂತ. ಹಳೇ ಭಯ ಎಲ್ಲೂ ಹೋಗಿರಲ್ಲ ಸಾರ್, ಅದರ ಪಕ್ಕದಲ್ಲಿ ಹೊಸ ಪಾಠ ಬಂದು ಕೂರುತ್ತೆ ಅಷ್ಟೆ. ಒಂದೇ ಕಡೆ ಕಲಿತಿದ್ದು ಅಲ್ಲೇ ಕೂರುತ್ತೆ. ಹತ್ತು ಲಿಫ್ಟ್ ಹತ್ತಿಸಿ. ಚಾವಿ ಬೇಡ, ನೀವೂ ಬೇಡ. ಲಿಫ್ಟ್ ಇನ್ನು ನಿಲ್ಲೋದೇ ಇಲ್ಲ ಅಂತ ಮಾತ್ರ ಮಾತು ಕೊಡಬೇಡಿ. ನಿಂತ್ರೂ ತಡ್ಕೋತೀನಿ ಅಂತ ಅವಳಿಗೇ ಗೊತ್ತಾಗಲಿ.”

“ಅಂದ್ರೆ ಬೇಕಂತಲೇ ನಿಲ್ಲಿಸ್ಲಾ?”

“ಮೊದಲೇ ಹೇಳಿ, ಅವಳು ಒಪ್ಪಿದ್ರೆ. ಒಂದೇ ನಿಮಿಷ.”

ಹದಿನೆಂಟು ವರ್ಷ ಲಿಫ್ಟ್ ನಿಲ್ಲದಂತೆ ಒದ್ದಾಡಿದವನಿಗೆ ಕೊನೆಗೂ ನಿಲ್ಲಿಸುವ ಬಡ್ತಿ ಸಿಕ್ಕಿತು.

ತಿಂಗಳಿಡೀ ಅಲೆದೆವು. ಆಸ್ಪತ್ರೆಯ ಲಿಫ್ಟ್, ಬಟ್ಟೆ ಅಂಗಡಿಯದ್ದು, ಮುದುಕರಂತೆ ನರಳುತ್ತ ಏರುವ ಗೋದಾಮಿನದ್ದು. ಮೊದಲು ಚಾವಿ ಬಿಟ್ಟಳು, ಆಮೇಲೆ ನನ್ನನ್ನೂ. ಕೊನೆಗೆ ನಿಲ್ಲಿಸುವ ದಿನ ಬಂತು. ಅವಳು ಒಳಗೆ, ನಾನು ಮೇಲೆ ಮೋಟಾರಿನ ಕೋಣೆಯಲ್ಲಿ. ಹದಿನೆಂಟನೇ ಸೆಕೆಂಡಿಗೇ ನನ್ನ ಕೈ ತಾನಾಗಿ ಸ್ವಿಚ್ಚು ಹಾಕಿತು. ಒಳಗಿನ ಫೋನಿನಿಂದ ಬೈಗುಳ ಬಂತು: “ಅಪ್ಪಾ! ಅರವತ್ತರವರೆಗೆ ಎಣಿಸ್ತಿದ್ದೆ, ಎಲ್ಲಾ ಹಾಳು ಮಾಡಿದೆ!”

ಮತ್ತೆ ಮಾಡಿದೆವು. ಅವಳು ಅರವತ್ತು ಎಣಿಸಿದಳು. ನಾನು ಬೆವರು ಒರೆಸಿಕೊಂಡೆ.

ಮುಂದಿನ ಶನಿವಾರ ಅಮ್ಮನ ಕಟ್ಟಡ, ಅದೇ ಲಿಫ್ಟ್. ಮಗಳು ಒಂದು ಗಳಿಗೆ ನಿಂತಳು.

“ಭಯ ಆಗ್ತಿದೆ,” ಎಂದಳು. “ಆದ್ರೂ ಹೋಗ್ತೀನಿ. ನೀನು ಬರಬೇಡ.”

ಬಾಗಿಲು ಮುಚ್ಚಿಕೊಂಡಿತು. ನಾನು ವ್ಯಾಯಾಮಕ್ಕೆಂದು ಮೆಟ್ಟಿಲು ಹಿಡಿದೆ. ವ್ಯಾಯಾಮಕ್ಕೆಂದೇ ಓಡಿದೆ. ನಾಲ್ಕು ದಾಟಿ ಐದನೆಯದರಲ್ಲಿ ಲಿಫ್ಟಿನ ಬಾಗಿಲಿಗೆ ಕಿವಿ ಆನಿಸಿ ನಿಂತದ್ದೂ ಬಹುಶಃ ವ್ಯಾಯಾಮವೇ. ಒಳಗೆ ಸದ್ದಿರಲಿಲ್ಲ. ಆಗಲೇ ದಾಟಿ ಹೋಗಿತ್ತು.

ಹದಿನೇಳನೇ ಮಹಡಿಗೆ ತೆವಳಿಕೊಂಡು ತಲುಪಿದಾಗ ಅವಳು ಅಜ್ಜಿಯ ಮಂಚದ ಮೇಲೆ ಕೂತು ಚಟಪಟ ಮಾತಾಡುತ್ತಿದ್ದಳು.

“ಬಂದ್ರಾ ಲಿಫ್ಟ್ ಸಾಹೇಬ್ರು?” ಎಂದಳು ಅಮ್ಮ.

ಮಗಳು ನನ್ನ ಮುಷ್ಟಿಯನ್ನೇ ನೋಡಿದಳು. “ಕೈ ಬಿಚ್ಚು.”

ಬಿಚ್ಚಿದೆ. ಚಾವಿಯ ಮೂರು ಮೂಲೆಯೂ ಅಂಗೈಯಲ್ಲಿ ಅಚ್ಚಾಗಿದ್ದವು.

“ಇದು ಅಜ್ಜಿ ಹತ್ರ ಇರಲಿ. ಇಳಿಯುವಾಗ ನೀನು ನನ್ನ ಜೊತೆ ಲಿಫ್ಟಲ್ಲೇ ಬರಬೇಕು.”

ಅಮ್ಮ ಚಾವಿಯನ್ನು ದಿಂಬಿನ ಕೆಳಗೆ ತಳ್ಳಿ, ಮೊಮ್ಮಗಳಿಗೆ ಹೇಳಿದಳು: “ಮೊದಲ ದಿನ ಒಂದೇ ಮಹಡಿ ಇಳಿಸೇ. ಪಾಪ, ಹೆದರ್ತಾನೆ.”