ಮಡಿ ಗಡಿಯಾರ

ನಾನು ಸುಳ್ಳು ಹೇಳುವವಳಲ್ಲ, ಸುಳ್ಳಿನ ಫೋಟೋ ತೆಗೆಯುವವಳು. ಎರಡಕ್ಕೂ ವ್ಯತ್ಯಾಸವಿದೆ ಎಂದು ಒಂದೂವರೆ ವರ್ಷ ನಂಬಿಕೊಂಡಿದ್ದೆ.

ಮಗಳು ಸ್ಪಂದನಾಳನ್ನು ಎರಡನೇ ಇಯತ್ತೆಯಲ್ಲಿ ಶಾಲೆ ಬಿಡಿಸಿ ಮನೆಯಲ್ಲೇ ಕಲಿಸುತ್ತೇನೆ ಅಂದಾಗ ಹಾನಗಲ್ಲಿನ ನಮ್ಮ ಓಣಿಯಲ್ಲಿ ನಕ್ಕವರೇ ಹೆಚ್ಚು. ಬಿ.ಎಡ್. ಮಾಡಿ ಮನೆಯಲ್ಲಿ ಕೂತವಳು ನಾನು. ಆ ನಗೆಗೆ ಉತ್ತರ ಕೊಡಲೇಬೇಕೆಂಬ ಹಟ. ಮೊಬೈಲಿನಲ್ಲಿ ಪಿಂಟರೆಸ್ಟ್ ತೆರೆದರೆ ಎಲ್ಲೆಲ್ಲಿಯ ತಾಯಂದಿರೋ ಮಾಡಿದ ಅಕ್ಷರದ ಮರ, ಮಗ್ಗಿಯ ಚಕ್ರ, ರಟ್ಟಿನ ಗಡಿಯಾರ, ಹೀಗೆ ಚಿತ್ರದ ಮೇಲೆ ಚಿತ್ರ. ಇಷ್ಟವಾದುದನ್ನೆಲ್ಲ ನನ್ನ ಬೋರ್ಡಿಗೆ ಪಿನ್ ಮಾಡಿಡುತ್ತಿದ್ದೆ. "ಪದ್ಮಜಾ, ಬರೇ ಟಾಚಣಿ ಚುಚ್ಚಿಕೋತ ಕೂತರ ಹೊಲಿಯೋದು ಯಾವಾಗ?" ಎಂದು ನಮ್ಮ ಅತ್ತೆ ಭಾಗೀರಥಿಬಾಯಿ ಕಾಡುತ್ತಿದ್ದರು.

ಹೊಲಿದೆ, ಎಡವಿದ್ದೂ ಅಲ್ಲೇ. ಸ್ಪಂದನಾ ಕತ್ತರಿ ಹಿಡಿದರೆ ಅಂಚು ಸೊಟ್ಟ, ಗೋಂದು ಹಚ್ಚಿದರೆ ರಾಡಿ. ಮೊಬೈಲಿನ ಚಿತ್ರದ ಹಾಗೆ ಒಂದೂ ಬರುತ್ತಿರಲಿಲ್ಲ. ನನಗೆ ತಾಳ್ಮೆ ಮೊದಲೇ ಕಮ್ಮಿ. ಅವಳ ಕೈಯಿಂದ ಕಸಿದುಕೊಂಡು ನಾನೇ ಮಾಡಿ ಮುಗಿಸುತ್ತಿದ್ದೆ. ಆಮೇಲೆ ಅವಳ ಕೈಗೆ ಕತ್ತರಿ ಕೊಟ್ಟು ಪಕ್ಕದಲ್ಲಿ ನಿಲ್ಲಿಸಿ ಫೋಟೋ ತೆಗೆದು, ಮನೆಯಲ್ಲೇ ಕಲಿಸುವ ತಾಯಂದಿರ ವಾಟ್ಸಾಪ್ ಗ್ರೂಪಿಗೆ ಹಾಕುತ್ತಿದ್ದೆ. ಕೆಳಗೆ 'ಸ್ಪಂದನಾ ಮಾಡಿದ್ದು' ಎಂದು ಬರೆಯುತ್ತಿದ್ದೆ. ಶಿಗ್ಗಾಂವದಿಂದ, ಹಿರೇಕೆರೂರಿನಿಂದ ಶಾಬಾಸ್‌ಗಿರಿ ಬರುತ್ತಿತ್ತು. ಹೊಗಳಿಕೆ ಯಾರಿಗೆ ಕಹಿ?

ಗೋಡೆಗೆ ತೂಗುಹಾಕಿದ್ದನ್ನು ಅವಳು ಮುಟ್ಟಿ ಹರಿಯಬಾರದಲ್ಲ. ಹರಿಯುತ್ತದೆ ಎಂದರೆ ಕೇಳುವ ಹುಡುಗಿಯಲ್ಲ. ಆದರೆ ಅತ್ತೆಯವರ ಮಡಿಸೀರೆ ಒಣಗುವ ಗಳುವಿನ ಹತ್ತಿರ ಅವಳು ಎರಡು ವರ್ಷದವಳಿದ್ದಾಗಿನಿಂದಲೂ ಸುಳಿದಿಲ್ಲ. ಪೂಜೆ ಮುಗಿಯುವತನಕ ಅಜ್ಜಿಯನ್ನೂ ಮುಟ್ಟುವುದಿಲ್ಲ. ಒಂದು ದಿನ ನಾನೂ ಅದೇ ಮಾತು ಆಡಿದೆ, ಮುಟ್ಟಬೇಡ, ಇದು ಮಡಿ ಎಂದು. ಹುಡುಗಿ ತಟ್ಟನೆ ಕೈ ಹಿಂದೆ ತೆಗೆದುಕೊಂಡಳು. ಎಷ್ಟು ಸಲೀಸಾಯಿತು ಎಂದು ನನ್ನ ಜಾಣತನಕ್ಕೆ ನಾನೇ ಹಿಗ್ಗಿದ್ದೆ.

ಸವಣೂರಿನ ಗುಲ್ನಾರ ಆ ಗ್ರೂಪಿಗೆ ಹೊಸದಾಗಿ ಸೇರಿದವಳು. ಗಂಡನದು ಬಟ್ಟೆ ಅಂಗಡಿ. ಮಗಳು ಮಾಹೀರಾಳಿಗೆ ಮಾತು ತೊದಲುತ್ತದೆ. ಶಾಲೆಯಲ್ಲಿ ಹುಡುಗರು ಅಣಕಿಸಿ, ಅವಳು ದಿನಾ ಅತ್ತುಕೊಂಡು ಬರುತ್ತಿದ್ದಳಂತೆ. ಬಿಡಿಸಿಬಿಡಲೇ ಎಂದು ಗುಲ್ನಾರ ಮೂರು ತಿಂಗಳಿಂದ ನನ್ನನ್ನು ಕೇಳುತ್ತಿದ್ದಳು. ಪ್ರತಿಸಲವೂ ನಾನು ಉತ್ತರಕ್ಕೆ ಬದಲು ಒಂದು ಫೋಟೋ ಕಳಿಸುತ್ತಿದ್ದೆ.

ಕಳೆದ ಶನಿವಾರ ಮಧ್ಯಾಹ್ನ ಮಗಳನ್ನು ಕರೆದುಕೊಂಡು ಬಸ್ಸು ಹತ್ತಿ ಬಂದೇಬಿಟ್ಟಳು. ಕೈಯಲ್ಲಿ ನಮಗೆ ತಿನ್ನಲೆಂದು ತಂದ ಸವಣೂರು ಖಾರದ ಪೊಟ್ಟಣ, ಬ್ಯಾಗಿನಲ್ಲಿ ಟಿ.ಸಿ. ಕೇಳಿ ಬರೆದ ಅರ್ಜಿ. ಸೋಮವಾರ ಅದನ್ನು ಶಾಲೆಗೆ ಕೊಡುವುದಿತ್ತು, ಅದಕ್ಕೂ ಮೊದಲು ಸ್ಪಂದನಾ ಕಲಿಯುವುದನ್ನು ಕಣ್ಣಾರೆ ನೋಡಬೇಕು ಅಂದಳು. ಗೋಡೆ ನೋಡಿ ಅವಳ ಕಣ್ಣು ತುಂಬಿದವು. ಇಷ್ಟೂ ನೀನೇ ಮಾಡಿದ್ದೇನವ್ವ ಎಂದು ಸ್ಪಂದನಾಳನ್ನು ಕೇಳಿದಾಗ ಅವಳು ನನ್ನ ಮುಖ ನೋಡಿದಳು. ಹೌದು ಎಂದು ನಾನೇ ಉತ್ತರ ಕೊಟ್ಟೆ. ಆಗಲೇ ಹೇಳಿಬಿಡಬೇಕಿತ್ತು. ಚಹಾಕ್ಕೆ ಇಡುತ್ತೇನೆಂದು ಒಳಗೆ ನಡೆದೆ.

ಚಹಾದ ಬಟ್ಟಲು ಹಿಡಿದು ಹೊರಗೆ ಬರುವಷ್ಟರಲ್ಲಿ ಮಾಹೀರಾ ರಟ್ಟಿನ ಗಡಿಯಾರದ ಮುಳ್ಳಿಗೆ ಕೈ ಚಾಚಿದ್ದಳು. ಸ್ಪಂದನಾ ಅಡ್ಡ ನಿಂತಳು.

"ಮುಟ್ಟಬ್ಯಾಡ, ಮಡಿ ಅದ."

ಗುಲ್ನಾರ ಮಗಳ ಕೈ ಹಿಡಿದು ತನ್ನ ಹತ್ತಿರ ಎಳೆದುಕೊಂಡಳು. ಮೇಜಿನ ಮೇಲಿಟ್ಟಿದ್ದ ಖಾರದ ಪೊಟ್ಟಣವನ್ನು ಮೆಲ್ಲಗೆ ಎತ್ತಿ ತನ್ನ ಬ್ಯಾಗಿಗೇ ಹಾಕತೊಡಗಿದಳು. ಅಷ್ಟು ಹೊತ್ತೂ ನಾನು ಸುಮ್ಮನಿದ್ದೆ. ಸುಮ್ಮನೆ ನಿಂತು ತೂಗಿ ನೋಡುತ್ತಿದ್ದೆ: ಜಾತಿ ನೋಡುವವಳು ಅನ್ನಿಸಿಕೊಳ್ಳುವುದು ಮೇಲೋ, ಸುಳ್ಳುಬುರುಕಿ ಅನ್ನಿಸಿಕೊಳ್ಳುವುದು ಮೇಲೋ? ಮೊದಲನೆಯದಾದರೆ ಅವಳು ಎದ್ದು ಹೋಗುತ್ತಾಳೆ, ನನ್ನ ಫೋಟೋಗಳ ಮಾನ ಉಳಿಯುತ್ತದೆ. ಇದನ್ನು ಬರೆಯಲೂ ನಾಚಿಕೆಯಾಗುತ್ತದೆ.

ಅವಳು ಚಪ್ಪಲಿ ಮೆಟ್ಟುವಾಗ ಬಾಯಿ ಬಿಟ್ಟೆ. ಅದು ನಿಮ್ಮ ಮಗಳಿಗೆ ಅಂದ ಮಾತಲ್ಲ, ನನ್ನ ಮಗಳೂ ಅದನ್ನು ಮುಟ್ಟುವುದಿಲ್ಲ, ನಾನೇ ಮುಟ್ಟಗೊಟ್ಟಿಲ್ಲ, ಗೋಡೆಯ ಮೇಲಿನದೆಲ್ಲ ನಾನೇ ಮಾಡಿದ್ದು ಎಂದು ಒಂದೇ ಉಸಿರಿಗೆ ಹೇಳಿದೆ.

"ಇರ್ಲಿ ಬಿಡ್ರಿ ಅಕ್ಕಾರ," ಅಂದಳು ಗುಲ್ನಾರ. "ನಮ್ಮ ಸಮಾಧಾನಕ್ಕ ಸುಳ್ಳು ಯಾಕ ಹೇಳಾಕತ್ತೀರಿ? ನಾ ಫೋಟೋ ನೋಡೇನಲ್ಲ."

ಅವಳ ಮುಂದೆ ನಾನಾಡಿದ ಮೊದಲ ಖರೆ ಮಾತು ಅದು, ಅದನ್ನೇ ಅವಳು ಸುಳ್ಳೆಂದಳು. ಮಾಡಿದ್ದುಣ್ಣೋ ಮಹರಾಯ ಅಂತಾರಲ್ಲ, ಉಣ್ಣುವುದು ಬಾಕಿ ಇತ್ತು. ಅವಳನ್ನು ನಂಬಿಸಲು ನನಗೆ ಒಂದೇ ದಾರಿ ಹೊಳೆಯಿತು. ಗಡಿಯಾರವನ್ನು ಗೋಡೆಯಿಂದ ತೆಗೆದು ಸ್ಪಂದನಾಳ ಮುಂದೆ ಹಿಡಿದೆ. ನಾಲ್ಕು ಗಂಟೆ ಮಾಡಿ ತೋರಿಸು ಅಂದೆ.

ಅವಳು ನಂಬಲಾರದೆ ನನ್ನನ್ನು ನೋಡಿದಳು. ಬಚ್ಚಲಿಗೆ ಓಡಿಹೋಗಿ ಕೈಕಾಲು ತೊಳೆದುಕೊಂಡು, ಒದ್ದೆ ಕೈಗಳನ್ನು ಲಂಗಕ್ಕೆ ತಾಗಿಸದೆ ಎತ್ತಿ ಹಿಡಿದು ಬಂದಳು. ಗುಲ್ನಾರ ಹೊಸ್ತಿಲಲ್ಲೇ ನಿಂತಳು. ಸ್ಪಂದನಾ ಸಣ್ಣ ಮುಳ್ಳನ್ನು ನಾಲ್ಕಕ್ಕೆ ತಂದಳು. ಸ್ವಲ್ಪ ಯೋಚಿಸಿ ದೊಡ್ಡ ಮುಳ್ಳನ್ನೂ ಜೋಪಾನವಾಗಿ ತಿರುಗಿಸಿ ನಾಲ್ಕರ ಮೇಲೆಯೇ ಇಟ್ಟಳು.

ಮಾಹೀರಾ ಅದನ್ನು ನೋಡಿ ತಿದ್ದಲು ಬಾಯಿ ತೆರೆದಳು. ಗುಲ್ನಾರ ಅವಳ ಭುಜ ಒತ್ತಿ ಸುಮ್ಮನಾಗಿಸಿದಳು. ಬ್ಯಾಗಿನಿಂದ ಅರ್ಜಿ ತೆಗೆದು ಎರಡಾಗಿ ಹರಿದಳು.

"ನಮ್ಮಾಕಿ ಸಾಲ್ಯಾಗ ಅಳಕೋತನರ ಕಲ್ತಾಳ್ರಿ," ಅಂದಳು, ಮೆತ್ತಗೆ.

ನನಗಾದದ್ದು ಸಮಾಧಾನ. ಮಗಳು ತಪ್ಪು ಮಾಡಿದಳಲ್ಲ, ನನ್ನ ಮಾತು ಖರೆಯಾಯಿತಲ್ಲ ಎಂದು ಎದೆ ಹಗುರಾಗಿ ಮುಖ ತಾನಾಗಿಯೇ ಅರಳಿತು. ಸ್ಪಂದನಾ ಅದನ್ನು ನೋಡಿದಳು. ಅವಳು ಮಾಡಿದ ಕೆಲಸಕ್ಕೆ ನನ್ನ ಮುಖ ಹಾಗೆ ಅರಳಿದ್ದು ಅದೇ ಮೊದಲು.

"ಅವ್ವಾ, ಬರೋಬರಿ ಮಾಡೇನಲ್ಲಾ?" ಅಂದಳು.