ಗಾಲಿ ಕಟ್ಟಿ ಎಳೆಸಿದ ಕಂಪ್ಯೂಟರ್

ಕಂಪ್ಯೂಟರಿನ ಬೆನ್ನನ್ನು ತಮ್ಮ ಕಡೆ ತಿರುಗಿಸಿಕೊಂಡ ಬಸಂತರಾಯರು ಚಾಳೀಸನ್ನು ಮೂಗಿನ ತುದಿಗೆ ಇಳಿಸಿ, ಅಲ್ಲಿದ್ದ ತೂತುಗಳನ್ನು ಒಂದೊಂದಾಗಿ ಎಣಿಸಿದರು. ಎತ್ತಿನ ವಯಸ್ಸು ಅದರ ಬಾಯಲ್ಲಿರುತ್ತದೆ, ಹಲ್ಲು ಎಣಿಸಿದರೆ ತಿಳಿಯುತ್ತದೆ. ಇದರ ಬಾಯಿ ಬೆನ್ನಿಗಿದ್ದರೆ ಅದು ಅವರ ತಪ್ಪಲ್ಲ.

“ಹನ್ನೊಂದು ಅದಾವ,” ಎಂದರು. “ಬಾಯಿ ಕೂಡೇತಿ. ಇದು ಹೊಸಾದಲ್ಲ, ಆರಿಫಾ.”

ಅಂಗಡಿಯ ಆರಿಫನ ಕೈಯಲ್ಲಿದ್ದ ಚಹಾದ ಕಪ್ಪು ತುಟಿಯವರೆಗೆ ಹೋಗಿ ಅಲ್ಲೇ ನಿಂತಿತು. ಅದು ನಿಜವಾಗಿಯೂ ಹೊಸದಾಗಿರಲಿಲ್ಲ.

“ಮೂರು ವರ್ಷದ್ದರಿ ಕಾಕಾ. ಹೇಳಬೇಕಂತನ ಇದ್ದೆ.”

“ಅಂದ್ರ ಈಗ ಹರೇ ಬಂದೈತಿ. ಕೆಟ್ಟಿಲ್ಲ ಬಿಡು.”

ಪಕ್ಕದ ಸ್ಟೂಲಿನ ಮೇಲೆ ಕುಳಿತಿದ್ದ ದುಂಡೇಶ ತೊಡೆ ತಟ್ಟಿದ. ಅವನು ಬಸಂತರಾಯರದೇ ಊರು ಯಂಕಂಚಿಯಿಂದ ಸಿಂದಗಿಗೆ ಪಂಪಿನ ವಾಶರ್ ತರಲು ಬಂದವನು. ವಾಶರ್ ಅಂಗಡಿ ಇನ್ನೊಂದು ದಿಕ್ಕಿಗಿತ್ತು. ಆದರೆ ಬಸಂತರಾಯರು ಕಂಪ್ಯೂಟರ್ ಆರಿಸುವುದನ್ನು ನೋಡದೆ ಊರಿಗೆ ಹೋದರೆ ಊರಬಾಗಿಲ ಅಗಸಿ ಕಟ್ಟೆಯ ಮೇಲೆ ಕೂತು ಹೇಳುವುದೇನು?

ಬಸಂತರಾಯರು ನಲವತ್ತು ವರ್ಷದಿಂದ ಜನರಿಗೆ ಎತ್ತು ಆರಿಸಿಕೊಟ್ಟವರು. ಒಂದೂ ಖೊಟ್ಟಿ ಬಂದಿರಲಿಲ್ಲ. ಅವರು ಆರಿಸಿಕೊಟ್ಟ ಮೋರಟಗಿಯ ಎತ್ತೊಂದು, ಯಜಮಾನ ಬಂಡಿಯಲ್ಲಿ ನಿದ್ದೆ ಹೋದಾಗ ತಾನೇ ಸಿಂದಗಿಯವರೆಗೆ ನಡೆದು, ಹಿಂಡಿ ಅಂಗಡಿಯ ಮುಂದೆ ನಿಂತು, ಎರಡು ಚೀಲ ಹೇರಿಸಿಕೊಂಡು ಮನೆಗೆ ವಾಪಸು ಬಂದಿತ್ತು. ಯಜಮಾನನಿಗೆ ಎಚ್ಚರವಾಗಿದ್ದು ಹಿತ್ತಲಲ್ಲಿ. ಇದನ್ನು ನಂಬದವರಿಗೆ ಆ ಹಿಂಡಿ ಅಂಗಡಿಯನ್ನು ಬೇಕಾದರೆ ಈಗಲೂ ತೋರಿಸುತ್ತಾರೆ. ಎತ್ತುಗಳು ಕಡಿಮೆಯಾದ ಮೇಲೆ ಜನ ಅವರನ್ನು ಟ್ರ್ಯಾಕ್ಟರ್ ನೋಡಲು, ವರ ನೋಡಲು ಕರೆದೊಯ್ಯತೊಡಗಿದರು. ವರನನ್ನು ಅಂಗಳದಲ್ಲಿ ಎರಡು ಸಲ ನಡೆಸಿ ನೋಡುತ್ತಿದ್ದರು. ಅದರಲ್ಲೂ ಹೆಚ್ಚು ತಪ್ಪಿಲ್ಲ. ಅವರ ಸ್ವಂತ ಮನೆಗಂತೂ ಅವರು ಆರಿಸದ ಕಸಬರಿಗೆಯೂ ಬಂದಿರಲಿಲ್ಲ.

ಈ ಸಲ ಕಂಪ್ಯೂಟರ್ ಬೇಕಾದದ್ದು ಸೊಸೆ ಜಯಮಾಲಾಗೆ. ಮದುವೆಗೆ ಮೊದಲು ಇಂಡಿಯಲ್ಲಿ ಕನ್ನಡ ಟೈಪಿಂಗ್ ಕಲಿತವಳು. ವಿಜಯಪುರದ ಪ್ರೆಸ್ಸಿನವರೊಬ್ಬರು ಕೈಬರಹದ ಪುಸ್ತಕಗಳನ್ನು ಕಳಿಸುತ್ತಿದ್ದರು, ಇವಳು ಮೊಬೈಲಿನಲ್ಲೇ ಹೆಬ್ಬೆರಳಿನಿಂದ ಕುಟ್ಟಿ ಕಳಿಸುತ್ತಿದ್ದಳು. ಹೆಬ್ಬೆರಳು ಬಾತು ಬದನೆಕಾಯಿಯಾದ ದಿನ, ಮನೆಯಲ್ಲಿ ಯಂತ್ರ ಇಟ್ಟುಕೊಂಡರೆ ವರ್ಷವಿಡೀ ಕೆಲಸ ಕೊಡುತ್ತೇವೆ ಎಂದು ಪ್ರೆಸ್ಸಿನವರು ಹೇಳಿದರು. ಗಂಡ ಶ್ರೀಶೈಲ, “ಅಪ್ಪನ್ನ ಕೇಳು,” ಎಂದು ಕಬ್ಬಿನ ಗದ್ದೆಗೆ ನಡೆದ. ಅಪ್ಪ ಆಗಲೇ ಟವೆಲ್ ಹೆಗಲಿಗೆ ಹಾಕಿಕೊಂಡಿದ್ದರು.

ಆರಿಫ ಎರಡು ಯಂತ್ರ ತೋರಿಸಿದ್ದ. ಒಂದು ಈಗ ತೂತು ಎಣಿಸಿಕೊಂಡ ದೊಡ್ಡದು, ಪಕ್ಕದಲ್ಲಿ ಗಾಜು, ಒಳಗೆ ಕೆಂಪು ನೀಲಿ ದೀಪ, ತಿರುಗುವ ಫ್ಯಾನುಗಳು. ಇನ್ನೊಂದು ಕರಿಯ ಸಣ್ಣ ಡಬ್ಬಿ. ಯಾವುದೋ ಆಫೀಸಿನಲ್ಲಿ ದುಡಿದು, ಹೊಸ ಡಿಸ್ಕು ಹಾಕಿಸಿಕೊಂಡು ಬಂದದ್ದು. ಊಟದ ಡಬ್ಬಿಗಿಂತ ಸ್ವಲ್ಪ ದೊಡ್ಡದಿರಬಹುದು.

ಬಸಂತರಾಯರು ದೊಡ್ಡದರ ಮೈ ಸವರಿದರು, ಬೆರಳಿನಿಂದ ಬಡಿದು ಕಿವಿ ಇಟ್ಟರು, ಎರಡೂ ಕೈಯಿಂದ ಎತ್ತಿ ಇಳಿಸಿದರು.

“ಗಟ್ಟಿ ಐತಿ. ಒಳಗ ಮೂರು ಸುಳಿ, ಮೂರೂ ಒಂದ ಕಡಿ ತಿರಗತಾವ. ಇಂಥಾದ್ದು ಮನಿಗೆ ಛಲೋ.”

“ಮಾವಾರ,” ಹಿಂದೆ ನಿಂತಿದ್ದ ಜಯಮಾಲಾ ಸೆರಗು ಸರಿಪಡಿಸಿಕೊಂಡಳು, “ಸಣ್ಣದ್ದೂ ಒಮ್ಮಿ…”

ಅಷ್ಟರಲ್ಲಿ ಬಸಂತರಾಯರು ಹೆಗಲ ಮೇಲಿನ ದಪ್ಪ ಟವೆಲನ್ನು ನಾಲ್ಕು ಮಡಿಕೆ ಮಾಡಿ ದೊಡ್ಡ ಯಂತ್ರದ ನೆತ್ತಿಯ ಮೇಲೆ ಹಾಕಿಬಿಟ್ಟರು.

“ಬಿತ್ತು!” ದುಂಡೇಶ ಕೂಗಿದ. “ಬಿತ್ತಪ್ಪಾ ಟವೆಲ್!”

ಸಂತೆಯಲ್ಲಿ ಎತ್ತಿನ ಬೆನ್ನ ಮೇಲೆ ಟವೆಲ್ ಬಿತ್ತೆಂದರೆ ಆರಿಸುವುದು ಮುಗಿಯಿತು. ಬೇರೆಯವರು ಆ ಎತ್ತನ್ನು ಮುಟ್ಟುವಂತಿಲ್ಲ, ಹಾಕಿದವನು ಹಿಂದಕ್ಕೆ ತೆಗೆಯುವಂತಿಲ್ಲ. ಬಸಂತರಾಯರು ನಲವತ್ತು ವರ್ಷದಲ್ಲಿ ಒಮ್ಮೆಯೂ ತೆಗೆದಿರಲಿಲ್ಲ. ಅದನ್ನು ಅವರೇ ಬೆಳಿಗ್ಗೆ ಬಸ್ಸಿನಲ್ಲಿ ಕಂಡಕ್ಟರನಿಗೆ ಹೇಳಿದ್ದರು. ಜಯಮಾಲಾ ಸಣ್ಣ ಡಬ್ಬಿಯ ಕಡೆ ಒಂದು ಸಲ ನೋಡಿದಳು.

“ಇನ್ನ ಸಾಫ್ಟ್‌ವೇರ್,” ಆರಿಫ ಕೈ ಉಜ್ಜಿಕೊಂಡ. “ಪುಟ ಕಟ್ಟೋದು, ಫೋಟೋ ತಿದ್ದೋದು, ಎಲ್ಲಾ ಭಾರೀ ಬೆಲಿಯವು. ನಿಮಗ ಫ್ರೀ ಹಾಕಿಕೊಡ್ತೇನ್ರಿ ಕಾಕಾ.”

“ಯಾರವು ಅವು?”

“ಯಾರವಂದ್ರ?”

“ಭಾರೀ ಬೆಲಿಯವು ಅಂತಿ, ಫ್ರೀ ಅಂತಿ. ಯಾರದೋ ಕೊಟ್ಟಿಗಿ ಒಳಗಿಂದ ಬಿಚ್ಚಿಕೊಂಡ ಬಂದಿ ಹಂಗಾರ. ಸಂತಿ ಚೀಟಿ ಐತೇನು? ನಿಮ್ಮಪ್ಪ ನಬಿಲಾಲ ದಲ್ಲಾಳಿಕಿ ಮಾಡ್ತಿದ್ದಾಗ ಚೀಟಿ ಇಲ್ಲದ ಎತ್ತಿನ ಹಗ್ಗಾನೂ ಮುಟ್ಟತಿದ್ದಿಲ್ಲ.”

ಆರಿಫ ಕಿವಿ ಕೆರೆದುಕೊಂಡ. ಸಿಂದಗಿಯ ಯಾವ ಗಿರಾಕಿಯೂ ಈ ಪ್ರಶ್ನೆ ಕೇಳಿರಲಿಲ್ಲ.

“ಮಾವಾರ,” ಜಯಮಾಲಾ ಮೆಲ್ಲಗೆ ಹೇಳಿದಳು, “ಕನ್ನಡ ಟೈಪ್ ಮಾಡೋದು ಸರ್ಕಾರದ್ದ ಐತ್ರಿ, ದುಡ್ಡಿಲ್ಲ. ಪುಟ ಕಟ್ಟಾಕೂ ಒಂದೈತಿ, ಮಾಡಿದವರ ಎಲ್ಲಾರೂ ಬಳಸ್ಲಿ ಅಂತ ಬಿಟ್ಟಾರ. ಪ್ರೆಸ್ಸಿನವರು ಅದನ್ನ ಒಪ್ಯಾರ್ರಿ.”

“ಹಂಗಂದ್ರ ಮಠಕ್ಕ ಬಿಟ್ಟ ಹೋರಿ,” ಬಸಂತರಾಯರಿಗೆ ಕೂಡಲೇ ತಿಳಿಯಿತು. “ಎಲ್ಲಾರ ಹೊಲಾನೂ ಮೇಯ್ತೈತಿ, ಯಾರಿಗೂ ಕಳ್ಳಮಾಲಲ್ಲ. ಅದನ್ನ ಹಾಕಪಾ.”

ಹಾಕುವುದಕ್ಕೆ ಅರ್ಧ ತಾಸು ಹಿಡಿಯಿತು. ಆರಿಫ ಇನ್ನೇನು ರಟ್ಟಿನ ಪೆಟ್ಟಿಗೆ ತೆಗೆಯಬೇಕು, ಬಸಂತರಾಯರು ಕೈ ಅಡ್ಡ ಹಿಡಿದರು.

“ಗಾಲಿ ಕಟ್ಟಿ ಎಳಸಿಲ್ಲ ಇನ್ನಾ.”

ತುಂಬಿದ ಬಂಡಿಯ ಗಾಲಿಗಳನ್ನು ಹಗ್ಗದಿಂದ ಬಿಗಿದು, ಉರುಳದ ಬಂಡಿಯನ್ನು ಎತ್ತಿನ ಕೈಲಿ ಎಳೆಸುವುದೇ ಕೊನೆಯ ಪರೀಕ್ಷೆ. ಮೊಣಕಾಲೂರಿಯಾದರೂ ಎಳೆಯಬೇಕು. ಈ ಯಂತ್ರಕ್ಕೂ ವಿನಾಯಿತಿ ಇರಲಿಲ್ಲ.

“ಏನೇನ ಕೆಲಸ ಮಾಡ್ತೈತಿ, ಎಲ್ಲಾ ಒಮ್ಮೆಲೆ ಹಚ್ಚು.”

ಜಯಮಾಲಾ ಪ್ರೆಸ್ಸಿನಿಂದ ಬಂದ ಮುನ್ನೂರ ನಲವತ್ತು ಪುಟದ ಕೈಬರಹದ ಪುಸ್ತಕ ತೆರೆದು ಟೈಪಿಗೆ ಕುಳಿತಳು. ಅವಳ ಬೆರಳುಗಳು ಕೀಲಿಗಳ ಮೇಲೆ ಓಡತೊಡಗಿದವು. ಬಾತ ಹೆಬ್ಬೆರಳು ಮಾತ್ರ ಆಗಾಗ ಇಳಿದು ಒಂದು ಉದ್ದ ಕೀಲಿಯನ್ನು ಒತ್ತಿ ಸುಮ್ಮನಾಗುತ್ತಿತ್ತು. ಆರಿಫ ಅದೇ ಯಂತ್ರದಲ್ಲಿ ಒಂದು ಸಿನೆಮಾ ಹಚ್ಚಿದ, ಅದರ ಮೇಲೆ ಕಾರುಗಳು ಓಡುವ ಆಟ ಹಚ್ಚಿದ. ಹೊರಗೆ ಏಪ್ರಿಲ್ ತಿಂಗಳ ಬಿಸಿಲು, ಅಂಗಡಿಯ ಚಾವಣಿಯ ತಗಡಿನ ಪತ್ರಾಸು ಟಿಕ್ ಟಿಕ್ ಎನ್ನುತ್ತಿತ್ತು. ಯಂತ್ರದ ಫ್ಯಾನುಗಳು ಮೊದಲು ಗುಂಯ್ ಎಂದವು, ಆಮೇಲೆ ಬುಸುಗುಟ್ಟಿದವು. ಹತ್ತು ನಿಮಿಷ ಎಳೆಯಿತು. ಹನ್ನೊಂದನೆಯ ನಿಮಿಷಕ್ಕೆ ದೀಪಗಳೆಲ್ಲ ಒಮ್ಮೆಲೇ ಆರಿ, ಪರದೆ ಕಪ್ಪಾಯಿತು.

“ಕುಂತಬಿಡ್ತಲ್ಲೋ!” ದುಂಡೇಶ ಎದ್ದು ನಿಂತ. “ಲೇ ಆರಿಫಾ, ಬಸಂತರಾಯಗ ಖೊಟ್ಟಿ ಮಾಲ ದಾಟಸಾಕ ನೋಡಿದೇನು? ಇಡೀ ತಾಲೂಕಿಗೆ ಹೇಳ್ತೇನಿ ನಿನ್ನ ಅಂಗಡಿ ಹೆಸರ!”

ಆರಿಫ ಬಾಯಿ ತೆರೆದು, ಬಸಂತರಾಯರ ಮುಖ ನೋಡಿ, ಮುಚ್ಚಿಕೊಂಡ. ಜಯಮಾಲಾ ಕೈ ತೊಡೆಯ ಮೇಲಿಟ್ಟುಕೊಂಡು ನೆಲ ನೋಡಿದಳು.

ಬಸಂತರಾಯರು ಟವೆಲ್ ಎತ್ತಿದರು. ಹಂಚಿನ ಮೇಲಿಂದ ತೆಗೆದ ರೊಟ್ಟಿಯಷ್ಟು ಬಿಸಿಯಾಗಿತ್ತು. ಅದರ ಕೆಳಗೆ, ಯಂತ್ರದ ನೆತ್ತಿಯ ತುಂಬ ಜರಡಿಯಂಥ ಸಣ್ಣ ತೂತುಗಳು. ಬೆನ್ನಿನ ತೂತುಗಳನ್ನು ಎಣಿಸಿದ್ದರು, ಇವನ್ನು ನೋಡಿಯೇ ಇರಲಿಲ್ಲ. ಅಂಗೈ ಹಿಡಿದರು. ಬಿಸಿಯುಸಿರು ಬಡಿಯಿತು.

ಎತ್ತಿನವರಿಗೆ ಇಷ್ಟು ಸಾಕು. ಸೊಸೆ ಯಾಕೆ ನೆಲ ನೋಡುತ್ತಿದ್ದಾಳೆ, ಆರಿಫ ಯಾಕೆ ಬಾಯಿ ಮುಚ್ಚಿದ ಎಂಬುದೂ ತಿಳಿಯಿತು. ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಹೇಳುವುದಿಲ್ಲ. ತಪ್ಪನ್ನು ಯಂತ್ರದ ಮೇಲೆ ಹಾಕಿದರೆ ಯಂತ್ರಕ್ಕೆ ಬಾಯಿಲ್ಲ. ಟವೆಲ್ ಹೆಗಲಿಗೆ ಎಸೆದುಕೊಂಡು, ‘ನೋಡಿದ್ಯಾ, ನಾ ಗಾಲಿ ಕಟ್ಟಿ ಎಳಸದಿದ್ರ ಮುಳಗತಿದ್ವಿ’ ಎಂದರೆ ಮುಗಿಯಿತು. ನಲವತ್ತು ವರ್ಷಕ್ಕೆ ಇನ್ನೊಂದು ಕಥೆ ಸೇರುತ್ತದೆ. ಕಥೆ ಅರ್ಧ ಆಗಲೇ ಅವರ ನಾಲಿಗೆಯ ಮೇಲೆ ಬಂದಿತ್ತು, ಚೆನ್ನಾಗಿಯೂ ಇತ್ತು.

“ದುಂಡೇಶಾ, ಕುಂದರು,” ಎಂದರು. “ಹುಡುಗನ ಮಾಲ ಶುದ್ಧ ಐತಿ. ನಾ ಅದರ ಮೂಗಿನ ಮ್ಯಾಲ ಟವೆಲ್ ಹಾಕೇನಿ.”

“ಅಂದ್ರ?”

“ಅಂದ್ರ ಉಸಿರ ಕಟ್ಟಿ ಬಿತ್ತು. ನಿನ್ನ ಮೂಗ ಮುಚ್ಚಿ ಬಂಡಿ ಎಳಸಿದ್ರ ನೀ ಹನ್ನೊಂದು ನಿಮಿಷ ತಡೀತಿದ್ದೇನು?”

ದುಂಡೇಶ ಅವರ ಕೈಯಲ್ಲಿ ಜೋತಾಡುತ್ತಿದ್ದ ಟವೆಲ್ ನೋಡಿದ. “ತೆಗದ ಬಿಟ್ಟಿಯಲ್ಲೋ.”

“ತೆಗದೆ. ಮೂಗು ಬಾಯಿ ಎಲ್ಲಿ ಅದಾವ ಗೊತ್ತಿಲ್ಲದಾಂವ ಟವೆಲ್ ಹಾಕಬಾರ್ದು. ಹೋಗಿ ಅಗಸಿ ಒಳಗ ನೀನ ಹೇಳು. ನಾ ಹೇಳಿದ್ರ ಒಂದೀಟು ಬಣ್ಣ ಹಚ್ಚತೇನಿ.”

ಇಂಥ ಸುದ್ದಿಯನ್ನು ಒಯ್ಯುವ ರೂಢಿ ದುಂಡೇಶನಿಗಿರಲಿಲ್ಲ. ವಾಶರ್ ನೆನಪಾಯಿತೆಂದು ಎದ್ದು ಹೋದ.

ಬಸಂತರಾಯರು ಸೊಸೆಯ ಕಡೆ ತಿರುಗಿದರು. “ಆವಾಗ ಸಣ್ಣದ್ದರದು ಏನೋ ಹೇಳಾಕ ಬಂದಿದ್ದಿ.”

“ಹೇಳೂದಲ್ರಿ, ಕೇಳೂದಿತ್ತು.” ಜಯಮಾಲಾ ತಲೆ ಎತ್ತಿ ಆರಿಫನನ್ನು ನೋಡಿದಳು. “ಅಣ್ಣಾರ, ಕರೆಂಟ್ ಹೋದ ಮ್ಯಾಲ ಯುಪಿಎಸ್ ಬ್ಯಾಟರಿ ಮ್ಯಾಲ ಇವೆರಡೂ ಎಷ್ಟೊತ್ತು ನಿಲ್ತಾವ್ರಿ?”

“ದೊಡ್ಡದು ಐದು ನಿಮಿಷ ನಿಂತ್ರ ಹೆಚ್ಚಾತು ಅಕ್ಕಾರ. ಸಣ್ಣದ್ದು ಮುಕ್ಕಾಲು ತಾಸು ದಾಟ್ತೈತಿ.”

“ನಮ್ಮೂರಾಗ ಕರೆಂಟ್ ದಿನಾ ನಾಲ್ಕು ಸಲ ಹೋಗ್ತೈತ್ರಿ ಮಾವಾರ. ನನ್ನ ಕೆಲಸ ಅಕ್ಷರದ್ದು. ಕಾರ್ ಓಡಸೂದಿಲ್ಲ.”

ಬಸಂತರಾಯರು ಸಣ್ಣ ಡಬ್ಬಿಯನ್ನು ಮತ್ತೆ ನೋಡಿದರು. ಕಡಿಮೆ ಮೇವು, ಹೆಚ್ಚು ದುಡಿಮೆ. ಇಂಥ ಗಿಡ್ಡ ಕರಿ ಎತ್ತುಗಳನ್ನು ತಾವೇ ಎಷ್ಟೋ ಮನೆಗೆ ಕಟ್ಟಿಸಿದ್ದರು, ಜನ ಬೈದುಕೊಂಡು ಹೊಡೆದುಕೊಂಡು ಹೋಗಿ, ವರ್ಷದ ಮೇಲೆ ಕಾಯಿ ಕರ್ಪೂರ ಹಿಡಿದು ಬಂದಿದ್ದರು. ಈ ಮಾತನ್ನು ಈಗ ಹೇಳಲಿಲ್ಲ. ಟವೆಲನ್ನು ಝಾಡಿಸಿ ಸೊಸೆಯ ಕೈಗೆ ಕೊಟ್ಟರು.

“ಹೊಡಕೊಂಡ ಹೋಗಾಕಿ ನೀ. ನೀನ ಹಾಕು.”

ಜಯಮಾಲಾ ಮಾವನ ಟವೆಲನ್ನು ಒಗೆದಿದ್ದಳು, ಒಣಹಾಕಿದ್ದಳು. ಹೀಗೆ ಹಿಡಿದಿರಲಿಲ್ಲ. ಸಣ್ಣ ಡಬ್ಬಿಯ ಸುತ್ತ ಅಂಗೈ ಆಡಿಸಿ ಗಾಳಿಯ ತೂತು ಎಲ್ಲೆಲ್ಲಿವೆ ಎಂದು ನೋಡಿಕೊಂಡಳು. ಆಮೇಲೆ ಟವೆಲನ್ನು ಉದ್ದಕ್ಕೆ ಮಡಿಸಿ ಅದರ ಮುಂದಿನ ಕೀಬೋರ್ಡಿನ ಮೇಲೆ ಹಾಸಿದಳು.

“ಆತು,” ಎಂದ ಆರಿಫ, ಮತ್ತು ಯಾಕೋ ಸಂತೆಯಲ್ಲಿ ಅವನಪ್ಪ ಮಾಡುತ್ತಿದ್ದಂತೆ ಎರಡು ಹೆಜ್ಜೆ ಹಿಂದೆ ಸರಿದು ನಿಂತ.

ಸಣ್ಣದಕ್ಕೂ ಅವೇ ಸಾಫ್ಟ್‌ವೇರ್ ಹಾಕಿಸಿ ಹೊರಟಾಗ ಯಂಕಂಚಿ ಬಸ್ಸಿನಲ್ಲಿ ಜಾಗ ಸಿಕ್ಕಿತು. ಕಂಡಕ್ಟರ್ ಪೆಟ್ಟಿಗೆಯನ್ನು ಸೀಟಿನ ಕೆಳಗೆ ತಳ್ಳಿರಿ ಎಂದ. ಬಸಂತರಾಯರು ಕೇಳಿಸಿಕೊಳ್ಳಲಿಲ್ಲ. ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಿಂದ ತಬ್ಬಿದ್ದರು. ಊರು ದಾಟಿ ಹೊಲಗಳು ಶುರುವಾದ ಮೇಲೆ ಕಿಟಕಿಯ ಗಾಜನ್ನು ಪೂರ್ತಿ ಸರಿಸಿದರು. ಪೆಟ್ಟಿಗೆಯ ಒಂದು ಮಗ್ಗುಲಿನ ಅಂಟುಪಟ್ಟಿಯನ್ನು ಉಗುರಿನಿಂದ ಎಬ್ಬಿಸಿ, ರಟ್ಟನ್ನು ಎರಡು ಬೆರಳಿನಷ್ಟು ತೆರೆದು, ಆ ಮಗ್ಗುಲನ್ನು ಗಾಳಿಗೆ ತಿರುಗಿಸಿ ಹಿಡಿದರು.