ಅರ್ಧ ಕಿಟಕಿಯ ದ್ವೀಪ

ಈ ಕಥೆಯನ್ನು ವಿಮಾನದಿಂದ ಶುರು ಮಾಡಲೇ, ಅಂಗಡಿಯಿಂದಲೇ? ವಿಮಾನದಿಂದ ಶುರು ಮಾಡಿದರೆ ಓದುಗರಾದ ನಿಮಗೆ ಮೋಡ, ಕೆಳಗೆ ನೀಲಿ ಸಮುದ್ರ ಎಲ್ಲ ಸಿಗುತ್ತದೆ. ತೊಂದರೆ ಏನೆಂದರೆ, ನನ್ನ ಪಾತ್ರಗಳಿಬ್ಬರೂ ಇನ್ನೂ ಟಿಕೆಟ್ಟೇ ತೆಗೆದಿಲ್ಲ. ಆರು ವರ್ಷದಿಂದ ಹೊರಡುತ್ತಲೇ ಇದ್ದಾರೆ. ಆದ್ದರಿಂದ ಅಂಗಡಿ.

1

ಚಿತ್ರಗಳಿಗೆ ಚೌಕಟ್ಟು ಹಾಕುವ ಅಂಗಡಿ. ಅಂಟಿನ ವಾಸನೆ, ಗೋಡೆಗೆ ಒರಗಿಸಿದ ಮರದ ಪಟ್ಟಿಗಳು, ಉದ್ದನೆಯ ಮೇಜು. ನಡೆಸುವವರು ಅಕ್ಕ ಮತ್ತು ತಮ್ಮ. ಅಕ್ಕನಿಗೆ ಅರವತ್ನಾಲ್ಕು. ತಮ್ಮನಿಗೆ ಐವತ್ತೆಂಟು, ತಲೆ ಪೂರ್ತಿ ಬೋಳು, ಆದರೂ ಅಕ್ಕನ ಬಾಯಲ್ಲಿ ಇನ್ನೂ ಪುಟ್ಟ. (ನಾನು ಅವನಿಗೊಂದು ಗಂಭೀರ ಹೆಸರಿಡಲು ಹೊರಟಿದ್ದೆ. ‘ಇರೋ ಹೆಸರೇ ಸಾಕು’ ಅಂದಳು ಅಕ್ಕ. ಬಾಯಿ ಮುಚ್ಚಿಕೊಂಡೆ.)

ಮೇಜಿನ ಎದುರು ಗೋಡೆಯಲ್ಲಿ ಒಂದು ಪೆನ್ಸಿಲ್ ಚಿತ್ರವಿದೆ. ಮೆಡಿಟರೇನಿಯನ್ ಸಮುದ್ರದ ನಡುವಿನ ಹಳೆಯ ದ್ವೀಪವೊಂದರ ಬಂದರು. ಕೋಟೆ ಗೋಡೆ, ನೀರಿಗಿಳಿಯುವ ಮೆಟ್ಟಿಲು, ಗಂಟೆ ಗೋಪುರ, ಎಡ ಅಂಚಿನಲ್ಲಿ ಅರ್ಧ ಕಿಟಕಿ. ಬರೆದವರು ಇವರ ಅಪ್ಪ. ಹಡಗಿನ ಅಡುಗೆಯವರು. ಎಂಜಿನ್ ಕೆಟ್ಟು ಹಡಗು ಮೂರು ವಾರ ಅಲ್ಲೇ ನಿಂತಾಗ, ಉಗ್ರಾಣದ ಕಪಾಟಿಗೆ ಹಾಸುವ ದಪ್ಪ ಕಾಗದ ಹರಿದುಕೊಂಡು ಬರೆದದ್ದು. ಅದಕ್ಕೆ ಮುಂಚೆ ಅವರು ಚಿತ್ರ ಬರೆದಿರಲಿಲ್ಲ, ಆಮೇಲೂ ಬರೆಯಲಿಲ್ಲ. ಅಪ್ಪ ನಿಂತಿದ್ದ ಜಾಗದಲ್ಲಿ ತಾನೂ ಒಮ್ಮೆ ನಿಲ್ಲಬೇಕು, ತಮ್ಮನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು. ಅಕ್ಕನ ಆಸೆ ಇಷ್ಟೇ.

2

ಪ್ರವಾಸದ ಯೋಜನೆ ಅಕ್ಕನ ನೋಟ್‌ಬುಕ್ಕಿನಲ್ಲಿದೆ. ‘ಮೊದಲ ದಿನ ನಡೆಯುವುದು ಬೇಡ, ಪುಟ್ಟನಿಗೆ ಮಂಡಿನೋವು. ಎರಡನೇ ದಿನ ಬಂದರು, ಬೆಳಿಗ್ಗೆ ಒಂಬತ್ತಕ್ಕೆ.’ ಚಿತ್ರದ ಗೋಪುರದ ನೆರಳನ್ನು ಸ್ಕೇಲಿನಲ್ಲಿ ಅಳೆದು ಹೊತ್ತು ಕಂಡುಹಿಡಿದಿದ್ದಾಳೆ. ಸಂಜೆಯೂ ನೆರಳು ಅಷ್ಟೇ ಉದ್ದ ಇರುತ್ತದಲ್ಲ ಅಂದೆ.

“ಸಂಜೆ ಅಡುಗೆಯವನಿಗೆ ಪುರುಸೊತ್ತೆಲ್ಲಿ?” ಅಂದಳು.

ಇನ್ನು ತಮ್ಮ.

“ಪುಟ್ಟಾ, ಮೇ ತಿಂಗಳಲ್ಲಿ ಹೋಗೋಣ್ವಾ?”

“ಮೇನಲ್ಲಿ ಕೆಲಸ ಜಾಸ್ತಿ ಅಕ್ಕ.”

“ಆಗಸ್ಟ್?”

“ಕಾಲಿಡೋಕೂ ಜಾಗ ಇರಲ್ವಂತೆ.”

“ಡಿಸೆಂಬರ್?”

“ಸಮುದ್ರ ಕೆಟ್ಟಿರತ್ತೆ.”

“ನಾವು ಹೋಗೋದು ವಿಮಾನದಲ್ಲಿ ಕಣೋ.”

“ನೋಡೋಕೆ ಕೆಟ್ಟಿರತ್ತೆ ಅಂದೆ.”

3 (ಕೈಬಿಟ್ಟ ಕರಡಿನಿಂದ)

ಮೊದಲ ಕರಡಿನಲ್ಲಿ ತಮ್ಮನಿಗೆ ವಿಮಾನದ ಭಯ ಇತ್ತು. ಸುಲಭದ ಕಾರಣ, ಓದುಗರು ತಕ್ಷಣ ಒಪ್ಪುತ್ತಾರೆ. ಬರೆದು ಎರಡು ದಿನವಾಗಿರಲಿಲ್ಲ, ಅವನೇ ಬಂದು ನನ್ನ ಮೇಜಿನ ಮುಂದೆ ನಿಂತ.

“ಲೇಖಕರೇ, ಅದನ್ನ ಅಳಿಸಿ. ನನಗೆ ವಿಮಾನದ ಭಯ ಇಲ್ಲ.”

“ಮತ್ತೆ?”

“ಆ ಕಿಟಕಿದು.”

ಹೇಳಿದ. ಅಪ್ಪ ತೀರಿಕೊಂಡ ವಾರ, ಇವನಿಗಾಗ ಇಪ್ಪತ್ತು, ಚೌಕಟ್ಟಿನ ಕೆಲಸ ಕೈಗೆ ಹತ್ತಿ ಆರು ತಿಂಗಳು. ಅಕ್ಕ ಊರಲ್ಲಿರಲಿಲ್ಲ, ಅಪ್ಪನ ಪೆಟ್ಟಿಗೆಯಲ್ಲಿ ಸಿಕ್ಕ ಈ ಚಿತ್ರವನ್ನು ಇನ್ನೂ ನೋಡಿಯೂ ಇರಲಿಲ್ಲ. ಅವಳು ಬರುವುದರೊಳಗೆ ಚಿತ್ರ ಗೋಡೆಗೇರಿರಬೇಕು ಅಂತ ಹಟ. ಅಂಗಡಿಯಲ್ಲಿ ಸಿದ್ಧವಿದ್ದ ಒಳ್ಳೇ ಚೌಕಟ್ಟು ಒಂದೇ, ಅದೂ ಚಿಕ್ಕದು. ಈ ಕೆಲಸದಲ್ಲಿ ಮೊದಲ ದಿನವೇ ಕಲಿಸುವ ಮಾತು: ಅಳತೆ ಕೂಡದಿದ್ದರೆ ಮರ ಕತ್ತರಿಸು, ಚಿತ್ರ ಮುಟ್ಟಬೇಡ. ಇವನು ಮರ ಬಿಟ್ಟು ಚಿತ್ರ ಕತ್ತರಿಸಿದ.

“ಕತ್ತರಿಸಿದ್ದರಲ್ಲಿ ಏನಿತ್ತು?”

“ಉಳಿದರ್ಧ ಕಿಟಕಿ. ಅದರೊಳಗೆ ಏನೋ ಇತ್ತು. ನೋಡ್ಲಿಲ್ಲ ಸಾರ್. ಮರದ ಪುಡಿ ಜೊತೆ ಗುಡಿಸಿಬಿಟ್ಟೆ. ಅವಳು ಬಂದು ನೋಡಿ, ‘ಎಷ್ಟು ಚೆನ್ನಾಗಿ ಹಾಕಿದ್ದೀಯೋ’ ಅಂತ ಅತ್ಲು. ಆಮೇಲೆ ಹೇಗೆ ಹೇಳ್ಲಿ?”

ಅಲ್ಲಿಗೆ ಹೋದರೆ ಕಿಟಕಿ ಪೂರ್ತಿ ಇರುತ್ತದೆ. ಅದರ ಎದುರು ಅಕ್ಕ ಚಿತ್ರ ಎತ್ತಿ ಹಿಡಿಯುತ್ತಾಳೆ. ಮೂವತ್ತೆಂಟು ವರ್ಷದಿಂದ ಒಂದೇ ಮೇಜಿನಲ್ಲಿ ಕೂತವಳ ಮುಖ ಆಗ ಹೇಗಾಗುತ್ತದೆ ಎಂಬುದೇ ಅವನ ಭಯ.

ನನಗೆ ಪಾಪ ಅನ್ನಿಸಿತು. ಲೇಖಕನ ಚಾಳಿ ನೋಡಿ, ಅದರ ಬೆನ್ನಿಗೇ ಖುಷಿಯೂ ಆಯಿತು. ಕಿಟಕಿಯಲ್ಲಿ ಒಬ್ಬಳು ಹೆಂಗಸನ್ನು ನಿಲ್ಲಿಸೋಣವೇ ಅಂದೆ. ಬೇಡ ಅಂದ. ಒಂದು ಹಕ್ಕಿಪಂಜರ? ಒಣಗಲು ಹಾಕಿದ ಅಂಗಿ?

“ನನಗೆ ಜ್ಞಾಪಕ ಇಲ್ಲದ್ದನ್ನ ನೀವು ಬರೀಬೇಡಿ,” ಅಂದ. “ಒಂದು ಸುಳ್ಳು ಹೊತ್ತಿದ್ದು ಸಾಕಾಗಿದೆ.”

4

(ಇಲ್ಲಿ ಕಥೆಗೂ ಚೌಕಟ್ಟಿಗೂ ಇರುವ ಸಂಬಂಧದ ಬಗ್ಗೆ ಒಂದೂವರೆ ಪುಟ ಕೊರೆದಿದ್ದೆ. ಅಕ್ಕ ಓದಿ ಆಕಳಿಸಿದಳು. ತೆಗೆದೆ.)

5

ಆಕಳಿಸಿದವಳು ಎದ್ದು ಹೋಗಲಿಲ್ಲ. ಮೂರನೇ ಭಾಗವನ್ನೂ ಓದಿಬಿಟ್ಟಳು. ಮುಚ್ಚಿಡೋಣವೆಂದು ಕೈ ಅಡ್ಡ ಇಟ್ಟಿದ್ದೆ, ಸರಿಸಿ ಓದಿದಳು.

“ಇದೇನು ಹೊಸ ಸುದ್ದಿನಾ?” ಅಂದಳು.

“ನಿಮಗೆ ಗೊತ್ತಿತ್ತಾ?”

“ಹತ್ತು ವರ್ಷದ ಹಿಂದೆ ಚಿತ್ರಕ್ಕೆ ತೇವ ಹಿಡಿದಿತ್ತು. ಅವನು ಮಂಡಿನೋವು ಅಂತ ಮನೇಲಿ ಮಲಗಿದ್ದ. ಹಿಂದಿನ ರಟ್ಟು ಬದಲಾಯಿಸೋಕೆ ನಾನೇ ಬಿಚ್ಚಿದೆ. ಮೂರು ಅಂಚು ಅಪ್ಪ ಕೈಯಲ್ಲಿ ಹರಿದದ್ದು, ಜುಂಗುಜುಂಗು. ನಾಲ್ಕನೇದು ಕಟ್ಟರ್ ಇಟ್ಟು ಎಳೆದ ಹಾಗೆ ನೆಟ್ಟಗೆ. ಈ ಅಂಗಡೀಲಿ ಕೂತು ಅಷ್ಟು ಗೊತ್ತಾಗಲ್ವಾ?”

“ಕೇಳಬಹುದಿತ್ತಲ್ಲ ಅವನನ್ನ.”

“ಕೇಳಿದ್ರೆ ಉತ್ತರ ಕೊಡ್ತಾನೆ. ಅವನಾಗೇ ಹೇಳೋದು ಬೇರೆ.” ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟಳು. “ನಾಲ್ಕು ವರ್ಷ ಕಾದೆ. ಆಮೇಲೆ ಈ ನೋಟ್‌ಬುಕ್ ತಗೊಂಡೆ. ದ್ವೀಪ ಅಂದ್ರೆ ಹೇಳ್ತಾನೆ ಅಂದುಕೊಂಡೆ. ಅವನು ನೋಡಿದ್ರೆ ಹವಾಮಾನ ಹೇಳ್ತಾನೆ.”

“ಅಂದರೆ ದ್ವೀಪ ಬರೀ ನೆಪವೇ?”

“ಛೆ, ನನಗೆ ಹೋಗಲೇಬೇಕು. ಆದ್ರೆ ಅಲ್ಲಿ ಅವನು ನನ್ನ ಪಕ್ಕ ಕಳ್ಳನ ಹಾಗೆ ನಿಲ್ಲಬಾರದು.”

6

ಮುಕ್ತಾಯಗಳು. ಬೇಕಾದ್ದನ್ನು ಆರಿಸಿಕೊಳ್ಳಿ.

ಅ) ಇಬ್ಬರೂ ಹೋಗುತ್ತಾರೆ. ಆ ಕಿಟಕಿ ಇದ್ದ ಮನೆಯನ್ನೇ ಕೆಡವಿ ಹೋಟೆಲ್ ಕಟ್ಟಿದ್ದಾರೆ. ತಮ್ಮ ಬಚಾವ್. (ಅಕ್ಕನ ಹತ್ತಿರ ನಾನು ಬಚಾವಾಗಲಿಲ್ಲ.)

ಆ) ಅಕ್ಕ ಒಬ್ಬಳೇ ಹೋಗಿ, ಪೂರ್ತಿ ಕಿಟಕಿಯ ಫೋಟೋ ಕಳಿಸುತ್ತಾಳೆ. ಕೆಳಗೆ ಒಂದು ಮಾತೂ ಇಲ್ಲ. (ಬರೆದು ನನಗೇ ಸಂಕಟವಾಯಿತು. ಅವಳು ಅಷ್ಟು ಕಟುಕಳಲ್ಲ.)

ಇ) ಮೂವತ್ತೆಂಟು ವರ್ಷ ಮರದ ಪಟ್ಟಿಗಳ ಹಿಂದೆ ಬಿದ್ದಿದ್ದ ಆ ಚೂರು ಸಿಗುತ್ತದೆ. (ಸಿಗುವುದಿಲ್ಲ. ಗುಡಿಸಿದ್ದು ಗುಡಿಸಿದ್ದೇ.)

ಮೂರನ್ನೂ ಓದಿ ಅಕ್ಕ ಎದ್ದಳು. “ನಿಮ್ಮಿಂದ ಆಗೋ ಕೆಲಸ ಅಲ್ಲ ಇದು, ಜರುಗಿ,” ಅಂದಳು.

7

ಬೆಳಿಗ್ಗೆ ಹನ್ನೊಂದು. ಅಕ್ಕ ಚಿತ್ರವನ್ನು ಗೋಡೆಯಿಂದ ಇಳಿಸಿ ಮೇಜಿನ ಮೇಲೆ ಬೋರಲು ಹಾಕಿದಳು. ನಾನು ಬಾಗಿಲ ಹತ್ತಿರ ನಿಂತಿದ್ದೆ, ಯಾರೂ ಕೂರಿ ಅನ್ನಲಿಲ್ಲ.

“ಪುಟ್ಟಾ, ಇದನ್ನ ಜೊತೇಲಿ ತಗೊಂಡು ಹೋಗೋಣ. ಗಾಜು ಬೇಡ. ಬಿಚ್ಚು.”

“ಈಗ್ಲೇ ಯಾಕಕ್ಕ?”

“ಬಿಚ್ಚೋ.”

ಅವನು ಮೊಳೆ ಕೀಳತೊಡಗಿದ. ಹದಿನಾರು ಮೊಳೆ. ಸಾಮಾನ್ಯವಾಗಿ ಎರಡು ನಿಮಿಷದ ಕೆಲಸ. ಮೊಳೆಗಳನ್ನು ಒಂದೊಂದಾಗಿ ಬಟ್ಟಲಿಗೆ ಹಾಕಿದ, ಹಿಂದಿನ ರಟ್ಟು ತೆಗೆದ, ಕಾಗದ ಎತ್ತಿದ. ಹರಿದ ಮೂರು ಅಂಚು, ನೆಟ್ಟಗಿನ ಒಂದು ಅಂಚು. ಆ ಅಂಚಿನ ಮೇಲೆ ಹೆಬ್ಬೆರಳು ಇಟ್ಟು ಮುಚ್ಚಿದ. ಅಕ್ಕ ಅವನ ಹೆಬ್ಬೆರಳನ್ನೇ ನೋಡುತ್ತಿದ್ದಳು. ಇಲ್ಲಿ ನಾನು ಏನೂ ಮಾಡಲಿಲ್ಲ, ದಯವಿಟ್ಟು ನಂಬಿ.

“ಅಕ್ಕಾ,” ಅಂದ. “ಈ ಕಿಟಕಿ ಪೂರ್ತಿ ಇತ್ತು.”

ಅಕ್ಕ ಅಳಲಿಲ್ಲ, ಗೊತ್ತಿತ್ತು ಅನ್ನಲಿಲ್ಲ. ಅಂಗಡಿಗೆ ಬಂದ ಯಾರನ್ನಾದರೂ ಅಳತೆ ಕೇಳುವ ಹಾಗೆ ಕೇಳಿದಳು:

“ಎಷ್ಟು?”

ಅವನು ಎರಡು ಬೆರಳು ಜೋಡಿಸಿ ಅಗಲ ತೋರಿಸಿದ. ಅಕ್ಕ ಆ ಎರಡು ಬೆರಳನ್ನು ಹಿಡಿದು ಕಾಗದದ ಎಡಕ್ಕೆ, ಮೇಜಿನ ಮೇಲೆ ಮಲಗಿಸಿದಳು. ಇನ್ನೊಂದು ಕೈಯಿಂದ ಅವುಗಳ ಆಚೆಗೆ ಸ್ಕೇಲ್ ಇಟ್ಟು ಪೆನ್ಸಿಲ್ ಗೆರೆ ಎಳೆದಳು. ಹೊಸ ಚೌಕಟ್ಟಿನ ಅಳತೆ.

“ಅಷ್ಟು ಖಾಲಿ ಇರ್ಲಿ,” ಅಂದಳು. “ಮೇ ತಿಂಗಳು ಹೇಗೆ?”

ಹೋದರೇ? ಕಿಟಕಿಯಲ್ಲಿ ಏನಿತ್ತು? ನೀವು ಕೇಳುತ್ತೀರಿ ಅಂತ ಗೊತ್ತು. ತಮ್ಮ ಹೇಳಿದ ಉತ್ತರ ನನಗೆ ಕೇಳಿಸಿತು, ಅದು ಹವಾಮಾನದ ಬಗ್ಗೆ ಅಲ್ಲ, ಇಷ್ಟು ಹೇಳಬಲ್ಲೆ. ಮಿಕ್ಕದ್ದನ್ನು ಈ ಪುಟಕ್ಕೆ ಹಿಡಿಸುವ ಹಾಗೆ ಕತ್ತರಿಸಿ ಕೊಡುವುದು ನನಗೆ ಕಷ್ಟವಲ್ಲ, ಎಷ್ಟು ಕಥೆಗಳಿಗೆ ಹಾಗೆ ಮಾಡಿಲ್ಲ. ಆದರೆ ಅವನ ಎರಡು ಬೆರಳು ಇನ್ನೂ ಮೇಜಿನ ಮೇಲೇ ಇವೆ, ಅಕ್ಕ ಅವುಗಳ ಮೇಲಿಂದ ಕೈ ತೆಗೆದಿಲ್ಲ.